ಫೇಸಿಂಗ್‌ಗೆ ಮೊದಲು ಫೀಲರ್ ಗೇಜ್: ಓದುಗರ ಪ್ರಶ್ನೆ, ವರ್ಕ್‌ಶಾಪ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಿಲಿಂಡರ್ ಹೆಡ್ಡಿನ ಮೇಲೆ, ಅಂದರೆ ಎಂಜಿನ್ ಬ್ಲಾಕಿನ ಮೇಲೆ ಬೋಲ್ಟಿನಲ್ಲಿ ಕೂರುವ ಮುಚ್ಚಳದ ಮೇಲೆ. ಅದರ ತಳವನ್ನು ಮೆಷಿನ್‌ನಲ್ಲಿ ತೆಳುವಾಗಿ ಕತ್ತರಿಸಿ ಸಪಾಟು ಮಾಡುವುದೇ ಫೇಸಿಂಗ್; ಸಂದಿ ಅಳೆಯುವ ತೆಳು ತಗಡಿನ ಪಟ್ಟಿಗಳೇ ಫೀಲರ್ ಗೇಜ್. ಮಂಡ್ಯದ ಕಡೆಯಿಂದ ಟ್ರ್ಯಾಕ್ಟರು, ಟಿಲ್ಲರು; ಮೈಸೂರಿನಿಂದ ಕಾರು, ಆಟೋ, ಜೊತೆಗೆ ಬಿಡದೆ ಬರುವ ಯೆಜ್ಡಿ ಬೈಕು. ಕೆಳಗೆ ಕೊಟ್ಟಿರುವ ಅಳತೆಗಳು ಸಾಮಾನ್ಯವಾಗಿ ಎಲ್ಲ ಕಡೆ ನಡೆಯುವಂಥವು. ನಿಮ್ಮ ಎಂಜಿನ್ನಿನ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಪುಸ್ತಕದ್ದೇ ಸರಿ.

ಪ್ರಶ್ನೆ: ನಮ್ಮದು ಮೂರು ಸಿಲಿಂಡರಿನ ಟ್ರ್ಯಾಕ್ಟರ್, ಕಾರ್ಖಾನೆಗೆ ಕಬ್ಬು ಹೊಡೆಯುತ್ತೇವೆ. ಸೀಸನ್ ಶುರುವಿನಲ್ಲಿ ಹೆಡ್ ಪ್ಯಾಕಿಂಗ್ (ಗ್ಯಾಸ್ಕೆಟ್) ಹೋಯಿತು. ಫೇಸಿಂಗ್ ಮಾಡಿಸಿ ಹೊಸದು ಹಾಕಿಸಿದೆವು. ಎರಡು ತಿಂಗಳಾಗುವಷ್ಟರಲ್ಲಿ ಅದೇ ನಡುವಿನ ಸಿಲಿಂಡರ್ ಹತ್ತಿರ ಮತ್ತೆ ಸುಟ್ಟಿದೆ. ಇನ್ನೊಂದು ಸಲ ಫೇಸಿಂಗ್ ಮಾಡಿಸಬಹುದೆ? ಎಷ್ಟು ತೆಗೆಯಬಹುದು?
— ರೈತರು, ಪಾಂಡವಪುರ ತಾಲ್ಲೂಕು

ಉತ್ತರ: ಸದ್ಯಕ್ಕೆ ಫೇಸಿಂಗ್ ಬೇಡ. ಹೆಡ್ಡನ್ನು ಸಪಾಟು ಮಾಡಿಸಿದ ಮೇಲೂ ಅದೇ ಜಾಗದಲ್ಲಿ ಸುಟ್ಟಿದೆ ಎಂದರೆ ತಪ್ಪು ಹೆಡ್ಡಿಗಿಂತ ಅದರ ಕೆಳಗೆ ಇರುವ ಸಂಭವವೇ ಹೆಚ್ಚು. ಮೊದಲು ನೋಡಬೇಕಾದ್ದು ಲೈನರ್, ಅಂದರೆ ಬ್ಲಾಕಿನೊಳಗೆ ಪಿಸ್ಟನ್ ಓಡುವ ಕೊಳವೆ.

ನೀರು ತಾಗುವ ಲೈನರ್, ಅಂದರೆ ವೆಟ್ ಲೈನರ್ ಇರುವ ಎಂಜಿನ್‌ನಲ್ಲಿ ಲೈನರಿನ ಮೇಲಂಚು ಬ್ಲಾಕಿನ ಮುಖಕ್ಕಿಂತ ಕೂದಲೆಳೆಯಷ್ಟು ಎತ್ತರ ನಿಲ್ಲಬೇಕು. ಹಲವು ಎಂಜಿನ್‌ಗಳಲ್ಲಿ ಇದು 0.05ರಿಂದ 0.10 ಮಿ.ಮೀ. ಆಸುಪಾಸು. ಈ ಎತ್ತರವೇ ಗ್ಯಾಸ್ಕೆಟ್ಟಿನ ಉಂಗುರವನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು. ನಡುವಿನ ಲೈನರ್ ಮಾತ್ರ 0.02ಕ್ಕೆ ಕುಸಿದಿದ್ದರೆ ಅಕ್ಕಪಕ್ಕದ ಎರಡು ಲೈನರ್‌ಗಳು ಹೆಡ್ಡಿನ ಭಾರ ಹೊರುತ್ತವೆ, ನಡುವಿನದಕ್ಕೆ ಒತ್ತಡವೇ ಸಿಗುವುದಿಲ್ಲ. ಹೆಡ್ಡನ್ನು ಕನ್ನಡಿಯಂತೆ ಮಾಡಿಸಿದರೂ ಅಲ್ಲಿ ಸುಡುತ್ತದೆ.

ಅಳೆಯುವುದು ಹೀಗೆ. ಲೈನರ್ ತೆಗೆದು, ಬ್ಲಾಕಿನಲ್ಲಿ ಅದು ಕೂರುವ ಮೆಟ್ಟಿಲನ್ನು ತುಕ್ಕು, ಪಾಚಿ, ಹಳೆಯ ಸೀಲೆಂಟ್ ಇಲ್ಲದಂತೆ ಕೆರೆದು ಒರೆಸಿ. ಓ ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಹಾಕದೆ ಲೈನರ್ ಕೂರಿಸಿ. ಓ ರಿಂಗ್ ಇದ್ದರೆ ಅದು ಲೈನರನ್ನು ಎತ್ತಿ ಹಿಡಿದು ಸುಳ್ಳು ಅಂಕಿ ಕೊಡುತ್ತದೆ. ಹೆಡ್ ಬೋಲ್ಟಿನ ರಂಧ್ರಕ್ಕೆ ಬೋಲ್ಟ್ ಮತ್ತು ದಪ್ಪ ವಾಷರ್ ಹಾಕಿ ಲೈನರಿನ ಅಂಚನ್ನು ಹದವಾಗಿ ಒತ್ತಿ ಹಿಡಿಯಿರಿ. ಮ್ಯಾಗ್ನೆಟಿಕ್ ಸ್ಟ್ಯಾಂಡಿನ ಡಯಲ್ ಗೇಜನ್ನು ಬ್ಲಾಕಿನ ಮೇಲೆ ಸೊನ್ನೆ ಮಾಡಿ, ಮುಳ್ಳನ್ನು ಲೈನರಿಗೆ ದಾಟಿಸಿ, ನಾಲ್ಕು ದಿಕ್ಕಿನಲ್ಲಿ ಓದಿ. ಒಂದೇ ಲೈನರಿನ ನಾಲ್ಕು ಓದುಗಳಲ್ಲಿ ಬಹಳ ಅಂತರ ಇದ್ದರೆ ಕೆಳಗೆ ಇನ್ನೂ ಕಸ ಇದೆ ಅಥವಾ ಮೆಟ್ಟಿಲು ಓರೆಯಾಗಿ ಸವೆದಿದೆ. ಪಕ್ಕಪಕ್ಕದ ಲೈನರ್‌ಗಳ ನಡುವೆ 0.04 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದರೆ ಲೈನರಿನ ಕೆಳಗೆ ಆ ಎಂಜಿನ್‌ಗೆಂದೇ ಸಿಗುವ ತೆಳು ಶಿಮ್ (ತಗಡಿನ ಉಂಗುರ) ಹಾಕಬಹುದು. ಮೆಟ್ಟಿಲೇ ಸವೆದು ಗುಂಡಿ ಬಿದ್ದಿದ್ದರೆ ಬ್ಲಾಕನ್ನು ಮೆಷಿನ್ ಶಾಪಿಗೆ ಕೊಟ್ಟು ಮೆಟ್ಟಿಲು ಕಟ್ ಮಾಡಿಸಿ, ಆಮೇಲೆ ಶಿಮ್. ಸವೆದ ಮೆಟ್ಟಿಲ ಮೇಲೆ ಶಿಮ್ ಹಾಕಿದರೆ ಅದು ಕೆಲವೇ ದಿನದಲ್ಲಿ ಪುಡಿಯಾಗುತ್ತದೆ.

ಆಮೇಲೆ ಬೋಲ್ಟು. ಹಳೆಯ ಬೋಲ್ಟ್‌ಗಳನ್ನು ಸಾಲಾಗಿ ನಿಲ್ಲಿಸಿ ಉದ್ದ ನೋಡಿ. ಒಂದೆರಡು ಬೆಳೆದಂತೆ ಕಂಡರೆ ಎಳೆದುಹೋಗಿವೆ. ಹೊಸ ನಟ್ಟನ್ನು ಬೆರಳಿನಲ್ಲೇ ದಾರದ (ಬೋಲ್ಟಿನ ತ್ರೆಡ್ಡಿನ) ಪೂರ್ತಿ ಉದ್ದಕ್ಕೂ ಓಡಿಸಿ. ನಡುವೆ ಬಿಗಿಯಾದರೆ ಅಲ್ಲಿ ದಾರ ಎಳೆದಿದೆ, ಆ ಬೋಲ್ಟ್ ಬೇಡ. ಬ್ಲಾಕಿನ ರಂಧ್ರಕ್ಕೆ ಟ್ಯಾಪ್ ಹಾಕಿ, ಗಾಳಿ ಹೊಡೆದು ಒಣಗಿಸಿ. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆ ಅಥವಾ ನೀರು ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ಟಾರ್ಕ್ ವ್ರೆಂಚ್ 'ಟಕ್' ಎನ್ನುತ್ತದೆ, ಹೆಡ್ ಮಾತ್ರ ಬಿಗಿದಿರುವುದಿಲ್ಲ. ನಸೀಬು ಕೆಟ್ಟಿದ್ದರೆ ಬ್ಲಾಕೇ ಸೀಳುತ್ತದೆ. ದಾರಕ್ಕೂ ಬೋಲ್ಟಿನ ತಲೆಯ ಕೆಳಗೂ ಎಂಜಿನ್ ಆಯಿಲ್ ಸವರಿದರೆ ಸಾಕು, ಸುರಿಯಬೇಡಿ.

ಬಿಗಿಯುವುದು ನಡುವಿನಿಂದ ಹೊರಕ್ಕೆ, ಕನಿಷ್ಠ ಮೂರು ಹಂತದಲ್ಲಿ. ಬಿಚ್ಚುವುದು ಅದಕ್ಕೆ ತಿರುಗುಮುರುಗು, ತುದಿಯಿಂದ ನಡುವಿಗೆ, ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಹಳೆಯ ಮಾದರಿಯ ಕಾಂಪೋಸಿಟ್ ಗ್ಯಾಸ್ಕೆಟ್ ಆದರೆ ಎಂಜಿನ್ ಓಡಿಸಿ ಕಾಯಿಸಿದ ಮೇಲೆ ಮತ್ತೆ ಟಾರ್ಕ್ ಹಾಕಬೇಕು. ಬಿಸಿಯಲ್ಲೋ ತಣ್ಣಗಾದ ಮೇಲೋ ಎಂಬುದನ್ನು ಪುಸ್ತಕ ಹೇಳುತ್ತದೆ. ಹೆಡ್ ಮತ್ತೆ ಕುಸಿದಿರುವುದರಿಂದ ಟಾಪೆಟ್ ಗ್ಯಾಪನ್ನೂ (ವಾಲ್ವಿನ ಬಾಲಕ್ಕೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದಿ) ಮತ್ತೆ ಇಡಬೇಕು. ಇದನ್ನು ಮರೆತವರೇ ಹೆಚ್ಚು. ಗ್ಯಾರೇಜಿನವರು 'ಐವತ್ತು ಗಂಟೆ ಓಡಿಸಿ ಬನ್ನಿ' ಎಂದರೆ ಸೀಸನ್ ಬಿಟ್ಟು ಯಾರೂ ಬರುವುದಿಲ್ಲ.

ಇಷ್ಟು ಮಾಡಿ ರೇಡಿಯೇಟರ್ ಬಿಟ್ಟರೆ ಮೂರನೇ ಗ್ಯಾಸ್ಕೆಟ್ಟೂ ಹೋಗುತ್ತದೆ. ಕಬ್ಬಿನ ಗದ್ದೆಯಲ್ಲಿ ಓಡುವ ಟ್ರ್ಯಾಕ್ಟರಿನ ರೇಡಿಯೇಟರ್ ಮುಖಕ್ಕೆ ತರಗು ಮತ್ತು ದೂಳು ಸೇರಿ ಕಂಬಳಿಯಾಗುತ್ತದೆ. ಮುಂದಿನಿಂದ ಗಾಳಿ ಹೊಡೆದರೆ ಅದು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಫ್ಯಾನಿನ ಕಡೆಯಿಂದ ಹೊರಕ್ಕೆ ಹೊಡೆಯಿರಿ. ಬೋರ್‌ವೆಲ್ ನೀರು ತುಂಬಿಸುತ್ತಿದ್ದರೆ ಹೆಡ್ಡಿನ ನೀರಿನ ದಾರಿಯಲ್ಲಿ ಬಿಳಿ ಸುಣ್ಣದ ಪದರ ಕೂತಿರುತ್ತದೆ, ಅದು ಶಾಖವನ್ನು ಬಿಡುವುದಿಲ್ಲ. ಶುದ್ಧ ನೀರಿಗೆ ಕೂಲೆಂಟ್ ಬೆರೆಸಿ ಹಾಕಿ. ರೇಡಿಯೇಟರ್ ಮುಚ್ಚಳದ ರಬ್ಬರ್ ಕೂಡ ನೋಡಿ: 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳ ಇದ್ದರೆ ನೀರು ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ರಬ್ಬರ್ ಹೋದರೆ 100ರ ಹತ್ತಿರವೇ ಕುದಿಯುತ್ತದೆ, ತುಂಬಿದ ಟ್ರೈಲರ್ ಹಿಂದೆ ಇರುವಾಗ ಆ ಅಂತರ ಬಹಳ.

ಇನ್ನು 'ಎಷ್ಟು ತೆಗೆಯಬಹುದು' ಎಂಬುದು. ನಿಮ್ಮದರಂಥ ಡೀಸೆಲ್ ಹೆಡ್ಡಿನ ತಳ ಚಪ್ಪಟೆ, ವಾಲ್ವುಗಳು ಅದರೊಳಗೆ ಸ್ವಲ್ಪ ಕುಳಿತಿರುತ್ತವೆ. 0.3 ಮಿ.ಮೀ. ಫೇಸಿಂಗ್ ಮಾಡಿದರೆ ವಾಲ್ವು ಅಷ್ಟೇ ಪಿಸ್ಟನ್ನಿಗೆ ಹತ್ತಿರವಾಗುತ್ತದೆ, ಇಂಜೆಕ್ಟರ್ ನಾಜಲ್ಲಿನ ಮೂಗೂ ಅಷ್ಟೇ ಹೊರಬರುತ್ತದೆ. ಆದ್ದರಿಂದ ಫೇಸಿಂಗ್ ಆದ ಮೇಲೆ ಡೆಪ್ತ್ ಗೇಜಿನಲ್ಲಿ ಪ್ರತಿ ವಾಲ್ವಿನ ಆಳ ಅಳೆದು, ಕಡಿಮೆ ಇದ್ದರೆ ಸೀಟ್ (ಹೆಡ್ಡಿನಲ್ಲಿ ವಾಲ್ವ್ ಕೂರುವ ಅಂಚು) ಕಟ್ ಮಾಡಿ ಇಳಿಸಬೇಕು. ಅತಿಯಾಗಿ ಇಳಿಸಿದರೆ ಕಂಪ್ರೆಷನ್ ಬಿದ್ದು ಬೆಳಗಿನ ಹೊತ್ತು ಸ್ಟಾರ್ಟ್ ಆಗದೆ ಸತಾಯಿಸುತ್ತದೆ. ನಾಜಲ್ಲಿನ ಮೂಗನ್ನು ತಾಮ್ರದ ವಾಷರಿನ ದಪ್ಪದಿಂದ ಸರಿಮಾಡಿ. ಹಳೆಯ ವಾಷರ್ ಗುಂಡಿಯಲ್ಲೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತಿರುವುದು ಮಾಮೂಲಿ; ಟಾರ್ಚ್ ಬಿಟ್ಟು ನೋಡಿ. ಸ್ಪ್ರೇ ಪಿಸ್ಟನ್ ಬೌಲಿನ ಸರಿಯಾದ ಎತ್ತರಕ್ಕೆ ಬೀಳದಿದ್ದರೆ ಕಪ್ಪು ಹೊಗೆ ಬರುತ್ತದೆ, ಆಗ ಎಲ್ಲರೂ ಪಂಪಿನ ಮೇಲೆ ತಪ್ಪು ಹೊರಿಸುತ್ತಾರೆ.

ಪ್ರಶ್ನೆ: ನಾನು ಅಪ್ರೆಂಟಿಸ್. ಹೊಸ ಗೈಡ್ (ವಾಲ್ವಿನ ಕಡ್ಡಿ ಓಡುವ ಕೊಳವೆ), ಹೊಸ ವಾಲ್ವ್ ಹಾಕಿದ್ದೇವೆ. ಗ್ರೈಂಡಿಂಗ್ ಪೇಸ್ಟ್ ಹಾಕಿ ವಾಲ್ವನ್ನು ಸೀಟಿನ ಮೇಲೆ ಒಂದು ಗಂಟೆ ಉಜ್ಜಿದರೂ ಸೀಮೆಎಣ್ಣೆ ಬಿಟ್ಟರೆ ಸೋರುತ್ತದೆ. ಇನ್ನೂ ಉಜ್ಜಬೇಕೆ?
— ನಂಜನಗೂಡು

ಉತ್ತರ: ನಿಲ್ಲಿಸಿ. ಉಜ್ಜುವುದು ಸೀಟನ್ನು ಸರಿಮಾಡುವ ಕೆಲಸ ಅಲ್ಲ, ಸೀಟ್ ಸರಿಯಾಗಿದೆಯೇ ಎಂದು ತೋರಿಸುವ ಕೆಲಸ. ಅರ್ಧ ನಿಮಿಷ ಸಣ್ಣ ಪೇಸ್ಟಿನಲ್ಲಿ ತಿರುಗಿಸಿದಾಗ ಸುತ್ತಲೂ ಒಂದೇ ಅಗಲದ ಬೂದು ಪಟ್ಟಿ ಬರಬೇಕು. ಬರಲಿಲ್ಲವೆಂದರೆ ಗೈಡ್ ಮತ್ತು ಸೀಟ್ ಒಂದೇ ಕೇಂದ್ರದಲ್ಲಿ ಇಲ್ಲ.

ಗೈಡ್ ಬದಲಾಯಿಸಿದ ಮೇಲೆ ಸೀಟ್ ಕಟ್ ಮಾಡಲೇಬೇಕು. ಹೊಸ ಗೈಡ್ ಹಳೆಯ ಗೈಡಿನ ನೇರಕ್ಕೇ ಕೂರುತ್ತದೆಂಬ ಭರವಸೆ ಇಲ್ಲ, ಸೀಟ್ ಕಟರಿನ ಪೈಲಟ್ ಕೂರುವುದೇ ಗೈಡಿನೊಳಗೆ. ಹಾಗಾಗಿ ಮೊದಲು ಗೈಡ್, ಆಮೇಲೆ ಸೀಟ್, ಕೊನೆಗೆ ಫೇಸಿಂಗ್. ಈ ಸಾಲು ತಪ್ಪಿಸಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಹಳೆಯ ಗೈಡ್ ತೆಗೆಯುವ ಮುಂಚೆ ಸ್ಪ್ರಿಂಗ್ ಕಡೆ ಅದು ಎಷ್ಟು ಎತ್ತರ ನಿಂತಿದೆ ಎಂದು ಬರೆದಿಟ್ಟುಕೊಳ್ಳಿ. ಮೆಟ್ಟಿಲಿರುವ ಡ್ರಿಫ್ಟ್ (ಒತ್ತುಕಡ್ಡಿ) ಬಳಸಿ ಕಂಬಶ್ಚನ್ ಛೇಂಬರ್ ಕಡೆಯಿಂದ ರಾಕರ್ ಕಡೆಗೆ ಒತ್ತಿ ತೆಗೆಯಿರಿ. ಒಳಗೆ ಬೆಳೆದಿರುವ ಕಾರ್ಬನ್ ಉಂಗುರವನ್ನು ಮೊದಲೇ ಕೆರೆದಿರಬೇಕು, ಇಲ್ಲದಿದ್ದರೆ ಅದು ಗೈಡಿನ ಜೊತೆ ರಂಧ್ರವನ್ನು ಗೀಚುತ್ತಾ ಹೋಗುತ್ತದೆ. ಅಲ್ಯೂಮಿನಿಯಂ ಹೆಡ್ ಆದರೆ 100ರಿಂದ 120 ಡಿಗ್ರಿಗೆ ಕಾಯಿಸಿ. ಹೊಸ ಗೈಡ್ ಒತ್ತಿದ ಮೇಲೆ ಅದರ ಒಳ ರಂಧ್ರ ಸ್ವಲ್ಪ ಕುಗ್ಗಿರುತ್ತದೆ, ರೀಮರ್ ಹಾಕದೆ ವಾಲ್ವ್ ಬಿಡಬೇಡಿ. 8 ಮಿ.ಮೀ. ಸ್ಟೆಮ್ಮಿಗೆ ಇನ್ಲೆಟ್‌ನಲ್ಲಿ 0.03ರಿಂದ 0.06, ಎಗ್ಸಾಸ್ಟ್‌ನಲ್ಲಿ 0.05ರಿಂದ 0.08 ಮಿ.ಮೀ. ಸಂದಿ ಇರಲಿ. ಎಗ್ಸಾಸ್ಟ್ ಸ್ಟೆಮ್ ಹೆಚ್ಚು ಕಾದು ಹಿಗ್ಗುವುದರಿಂದ ಅದಕ್ಕೆ ಹೆಚ್ಚು ಜಾಗ. 'ಹೊಗೆ ಬರಬಾರದು' ಎಂದು ಬಿಗಿಯಾಗಿ ಬಿಟ್ಟರೆ ಮೊದಲ ಏರಿನಲ್ಲೇ ವಾಲ್ವ್ ಹಿಡಿದುಕೊಳ್ಳುತ್ತದೆ.

ಸೀಟ್ ಕಟಿಂಗ್: ಮೊದಲು 45 ಡಿಗ್ರಿ ಕಟರ್, ಸುತ್ತಲೂ ಹೊಸ ಲೋಹ ಕಾಣುವಷ್ಟು ಮಾತ್ರ. ವಾಲ್ವಿನ ಮುಖಕ್ಕೆ ಎಂಜಿನಿಯರ್ಸ್ ಬ್ಲೂ (ತಾಗಿದ ಗುರುತು ತೋರಿಸುವ ನೀಲಿ ಬಣ್ಣ) ತೆಳ್ಳಗೆ ಸವರಿ, ಕೂರಿಸಿ, ತಿರುಗಿಸದೆ ಒಮ್ಮೆ ಒತ್ತಿ ತೆಗೆಯಿರಿ. ಗುರುತು ವಾಲ್ವಿನ ಮುಖದ ನಡುವೆ ಬೀಳಬೇಕು. ಮೇಲಂಚಿಗೆ ಹತ್ತಿರ ಬಿದ್ದರೆ 30 ಡಿಗ್ರಿ ಕಟರಿನಿಂದ ಮೇಲಿನ ಅಂಚು ತೆಗೆದು ಕೆಳಗೆ ತನ್ನಿ. ತೀರಾ ಒಳಗೆ ಬಿದ್ದರೆ 60 ಡಿಗ್ರಿಯದರಿಂದ ಗಂಟಲು ತೆಗೆದು ಮೇಲೆ ತನ್ನಿ. ಅಗಲ ಇನ್ಲೆಟ್ಟಿಗೆ 1.0ರಿಂದ 1.5, ಎಗ್ಸಾಸ್ಟಿಗೆ 1.5ರಿಂದ 2.0 ಮಿ.ಮೀ. ವಾಲ್ವಿನ ತಲೆಯ ಶಾಖದಲ್ಲಿ ದೊಡ್ಡ ಪಾಲು ಹೊರಹೋಗುವುದು ಸೀಟಿನ ಮೂಲಕವೇ. ಎಗ್ಸಾಸ್ಟ್ ಸೀಟ್ ಸಪೂರವಾದರೆ ವಾಲ್ವ್ ಸುಡುತ್ತದೆ, ಅತಿ ಅಗಲವಾದರೆ ಒತ್ತಡ ಹಂಚಿಹೋಗಿ ಕಾರ್ಬನ್ ಚೂರು ಸಿಕ್ಕಿಕೊಳ್ಳುತ್ತದೆ. ಸೀಟಿನ ರನ್‌ಔಟ್ (ಗೈಡಿನ ಕೇಂದ್ರದಿಂದ ನೋಡಿದರೆ ಸುತ್ತಿನಲ್ಲಿ ಕಾಣುವ ಓಲಾಟ) 0.05 ಮಿ.ಮೀ. ಒಳಗಿರಲಿ. ಹಳೆಯ ವಾಲ್ವ್ ಗ್ರೈಂಡ್ ಮಾಡಿಸುವವರು ಅದರ ತಲೆಯ ಅಂಚಿನ ದಪ್ಪ ನೋಡಬೇಕು: 0.8 ಮಿ.ಮೀ.ಗಿಂತ ಇಳಿದರೆ ಗುಜರಿಗೆ ಹಾಕಿ. ಬ್ಲೇಡಿನಂತಾದ ಅಂಚು ಕೆಂಪಗೆ ಕಾಯುತ್ತದೆ.

ಒಂದು ಗಂಟೆ ಉಜ್ಜಿದ್ದರಿಂದ ನಿಮ್ಮ ಹೊಸ ವಾಲ್ವಿನ ಮುಖದಲ್ಲಿ ತಗ್ಗು ಬಿದ್ದಿರುತ್ತದೆ, ಬೆರಳುಗುರು ಎಳೆದು ನೋಡಿ. ತಣ್ಣಗಿದ್ದಾಗ ಆ ತಗ್ಗಿನಲ್ಲಿ ಸೀಟ್ ಕೂರುತ್ತದೆ. ಬಿಸಿಯಾದಾಗ ವಾಲ್ವಿನ ತಲೆ ಹಿಗ್ಗಿ ತಗ್ಗಿನ ದಂಡೆಯ ಮೇಲೆ ಹತ್ತುತ್ತದೆ, ಆಗ ಸೋರಿಕೆ. ಮುಖವನ್ನು ಗ್ರೈಂಡ್ ಮಾಡಿಸಿ. ಪೇಸ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ಸಾಲದು, ಬಿಸಿ ಸೋಪಿನ ನೀರು ಮತ್ತು ಬ್ರಷ್ ಹಾಕಿ ಗೈಡಿನೊಳಗೂ ಉಜ್ಜಿ. ಉಳಿದ ಪೇಸ್ಟ್ ಹೊಸ ಗೈಡನ್ನು ತಿಂದುಹಾಕುತ್ತದೆ.

ಸೀಟ್ ಎಷ್ಟು ಇಳಿಯಿತೋ ವಾಲ್ವಿನ ಬಾಲ ಅಷ್ಟು ಮೇಲೆ ಬಂದಿರುತ್ತದೆ, ಸ್ಪ್ರಿಂಗ್ ಅಷ್ಟು ಸಡಿಲವಾಗಿರುತ್ತದೆ. ಸ್ಪ್ರಿಂಗಿನ ಕೆಳಗೆ ಅಷ್ಟೇ ದಪ್ಪದ ಶಿಮ್ ಹಾಕಿ.

ಪ್ರಶ್ನೆ: ಕಾರು ರಸ್ತೆಯಲ್ಲಿ ಕುದಿಯಿತು. ಅಲ್ಯೂಮಿನಿಯಂ ಹೆಡ್, ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹೆಡ್ಡಿನ ಮೇಲೆಯೇ ಇದೆ. ಮೆಷಿನ್ ಶಾಪಿನವರು '0.4 ತೆಗೆದರೆ ನೇರ ಆಗುತ್ತದೆ' ಎನ್ನುತ್ತಾರೆ. ತೆಗೆಸಲೇ?
— ಕುವೆಂಪುನಗರ, ಮೈಸೂರು

ಉತ್ತರ: ತಳ ನೇರ ಆಗುತ್ತದೆ, ಹೆಡ್ ನೇರ ಆಗುವುದಿಲ್ಲ. ಬಾಳೆಹಣ್ಣಿನಂತೆ ಬಾಗಿದ ಹೆಡ್ಡಿನ ಕೆಳಗಿನ ಹೊಟ್ಟೆ ಕೊಯ್ದರೂ ಬೆನ್ನು ಬಾಗಿಯೇ ಇರುತ್ತದೆ, ಕ್ಯಾಮ್ ಕೂರುವುದು ಆ ಬೆನ್ನಿನ ಮೇಲೆ. ವಾಲ್ವು, ಟಾಪೆಟ್ ಎಲ್ಲ ತೆಗೆದು ಬರೀ ಕ್ಯಾಮ್ ಇಟ್ಟು, ಕ್ಯಾಪ್‌ಗಳನ್ನು ಅವುಗಳ ನಂಬರಿನ ಪ್ರಕಾರ ಅದೇ ಜಾಗಕ್ಕೆ ಹಾಕಿ, ಟಾರ್ಕಿಗೆ ಬಿಗಿಯಿರಿ. ಕೈಯಲ್ಲಿ ಸಲೀಸಾಗಿ ತಿರುಗಬೇಕು. ಹಿಡಿದರೆ ಫೇಸಿಂಗ್ ಮಾತು ಆಮೇಲೆ. ಹಿಡಿದ ಕ್ಯಾಮನ್ನು ಹಾಗೆಯೇ ಓಡಿಸಿದರೆ ನಡುವಿನ ಜರ್ನಲ್ ಕಿತ್ತುಬರುತ್ತದೆ, ಇಲ್ಲವೇ ಕ್ಯಾಮೇ ತುಂಡಾಗುತ್ತದೆ.

ಬಾಗು ಅಳೆಯುವಾಗ ಸ್ಟ್ರೇಟ್ ಎಡ್ಜನ್ನು ಉದ್ದಕ್ಕೆ ಎರಡು ಕಡೆ, ಮೂಲೆಯಿಂದ ಮೂಲೆಗೆ ಎರಡು, ಅಡ್ಡಕ್ಕೆ ಸಿಲಿಂಡರ್‌ಗಳ ನಡುವೆ ಇಟ್ಟು ಫೀಲರ್ ತೂರಿಸಿ. ಉದ್ದಕ್ಕೆ 0.10, ಅಡ್ಡಕ್ಕೆ 0.05 ಮಿ.ಮೀ. ಮೀರಿದರೆ ಕೆಲಸ ಇದೆ. ಕ್ಯಾಮ್ ಕಡೆಯ ಮೇಲ್ಮುಖವನ್ನೂ ಅಳೆಯಿರಿ.

ಬಾಗಿದ ಹೆಡ್ಡನ್ನು ನೇರ ಮಾಡುವ ಪದ್ಧತಿ ಇದೆ. ದಪ್ಪ ಉಕ್ಕಿನ ತಟ್ಟೆಯ ಮೇಲೆ ಹೆಡ್ ಇಟ್ಟು, ಎರಡು ತುದಿಗೂ ಬಾಗಿಗೆ ತಕ್ಕ ಶಿಮ್ ಕೊಟ್ಟು, ನಡುವಿನ ಬೋಲ್ಟ್‌ಗಳನ್ನು ಬಿಗಿದು, ಓವನ್‌ನಲ್ಲಿ 230ರಿಂದ 260 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಬಿಟ್ಟು, ಓವನ್‌ನಲ್ಲೇ ತಣಿಯಲು ಬಿಡುತ್ತಾರೆ. ಆಮೇಲೆ 0.1ರಷ್ಟು ಹಗುರವಾಗಿ ಒಂದು ಕಟ್. ತಣ್ಣನೆಯ ಹೆಡ್ಡನ್ನು ಪ್ರೆಸ್ಸಿಗೆ ಕೊಟ್ಟು ಒತ್ತುವವರೂ ಇದ್ದಾರೆ. ಅದು ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ ಅಥವಾ ಸೀಳುತ್ತದೆ. ಗ್ಯಾಸ್ ಟಾರ್ಚಿನಲ್ಲಿ ಒಂದೇ ಕಡೆ ಕಾಯಿಸುವುದೂ ಬೇಡ.

0.4 ತೆಗೆಸಿಯೇ ಬಿಟ್ಟರೆ ಏನಾಗುತ್ತದೆ ಎಂಬ ಲೆಕ್ಕವೂ ಇರಲಿ. 1200 ಸಿ.ಸಿ. ನಾಲ್ಕು ಸಿಲಿಂಡರ್ ಎಂದರೆ ಒಂದಕ್ಕೆ 300 ಸಿ.ಸಿ. ಕಂಪ್ರೆಷನ್ ಅನುಪಾತ 9 ಇದ್ದರೆ ಮೇಲೆ ಉಳಿಯುವ ಜಾಗ 37.5 ಸಿ.ಸಿ. ಛೇಂಬರಿನ ಬಾಯಿ 35 ಚದರ ಸೆಂ.ಮೀ. ಎಂದುಕೊಂಡರೆ 0.4 ಮಿ.ಮೀ.ಗೆ 1.4 ಸಿ.ಸಿ. ಕಡಿಮೆ, ಅನುಪಾತ 9.3ಕ್ಕೆ ಏರುತ್ತದೆ. ಏರಿನಲ್ಲಿ ನಾಕಿಂಗ್ ಶುರುವಾಗಬಹುದು. ಜೊತೆಗೆ ಹೆಡ್ ಕೆಳಗಿಳಿದಷ್ಟು ಕ್ಯಾಮ್ ಟೈಮಿಂಗ್ ಹಿಂದೆ ಬೀಳುತ್ತದೆ. 100 ಮಿ.ಮೀ. ವ್ಯಾಸದ ಕ್ಯಾಮ್ ಪುಲ್ಲಿಗೆ 0.5 ಮಿ.ಮೀ. ಇಳಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು 1.15 ಡಿಗ್ರಿ. ಸಣ್ಣದೇ, ಆದರೆ ಹಳೆಯ ಫೇಸಿಂಗ್‌ಗಳೂ ಅದಕ್ಕೆ ಕೂಡುತ್ತವೆ. ಹೆಡ್ಡಿನ ಒಟ್ಟು ಎತ್ತರ ಅಳೆದು ಪುಸ್ತಕದ ಕನಿಷ್ಠ ಎತ್ತರದ ಜೊತೆ ಹೋಲಿಸಿ.

ಗ್ಯಾಸ್ಕೆಟ್ ಉಕ್ಕಿನ ಪದರಗಳದ್ದಾದರೆ ಫೇಸಿಂಗ್ ಬಹಳ ನುಣುಪಾಗಿರಬೇಕು, ಆರ್‌ಎ (ಮುಖದ ಒರಟುತನದ ಅಳತೆ) 0.8 ಮೈಕ್ರಾನ್ ಒಳಗೆ. ಉಗುರು ಎಳೆದಾಗ ಕಟರಿನ ಗೆರೆ ತಾಗಿದರೆ ವಾಪಸ್ ಕಳಿಸಿ. ಗ್ಯಾಸ್ಕೆಟ್ ಕೆರೆಯಲು ಗ್ರೈಂಡರಿಗೆ ಸಿಕ್ಕಿಸುವ ಎಮರಿ ಚಕ್ರ ಬಳಸುವುದನ್ನಂತೂ ಕಂಡರೆ ತಡೆಯಿರಿ. ಎರಡು ಸೆಕೆಂಡಿನಲ್ಲಿ ಅಲ್ಯೂಮಿನಿಯಂ ತಗ್ಗು ಬೀಳುತ್ತದೆ, ಅದರ ಪುಡಿ ಬೇರಿಂಗಿಗೆ ಹೋಗುತ್ತದೆ.

ಪ್ರಶ್ನೆ: ಅಲ್ಯೂಮಿನಿಯಂ ಹೆಡ್ಡನ್ನು ಕಾರ್ಬನ್ ಹೋಗಲಿ ಎಂದು ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ಬಿಟ್ಟೆವು. ಕಪ್ಪಗಾಗಿದೆ. ಬಿಳಿ ಮಾಡುವುದು ಹೇಗೆ?
— ಮದ್ದೂರು

ಉತ್ತರ: ಬಣ್ಣ ಬಿಡಿ, ಅಳತೆ ನೋಡಿ. ಕಾಸ್ಟಿಕ್ ಅಲ್ಯೂಮಿನಿಯಮನ್ನೇ ಕರಗಿಸುತ್ತದೆ. ಕ್ಯಾಮ್ ಜರ್ನಲ್, ಟಾಪೆಟ್ ಕೂರುವ ರಂಧ್ರ, ಬೋಲ್ಟಿನ ದಾರ ಎಲ್ಲ ದೊಡ್ಡದಾಗಿರುತ್ತವೆ. ಬಹುಶಃ ಹೆಡ್ ಮುಗಿದಿದೆ. ಹಾಗೆ ಕರಗುವಾಗ ಏಳುವ ಗುಳ್ಳೆ ಹೈಡ್ರೋಜನ್, ಅದರ ಹತ್ತಿರ ಬೀಡಿ ಹಚ್ಚದಿದ್ದದ್ದು ಪುಣ್ಯ. ಕಾಸ್ಟಿಕ್ ಎರಕದ ಕಬ್ಬಿಣದ ಹೆಡ್ಡಿಗೆ ಮಾತ್ರ. ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ನೆನೆಸಿ, ಮರದ ಅಥವಾ ಪ್ಲಾಸ್ಟಿಕ್ ಚಕ್ಕೆಯಲ್ಲಿ ಕೆರೆದು, ಬಿಸಿ ಸೋಪಿನ ನೀರಿನಲ್ಲಿ ತೊಳೆಯಿರಿ.

ಪ್ರಶ್ನೆ: ಆಲೆಮನೆಯ ಡೀಸೆಲ್ ಎಂಜಿನ್ನಿನ ಬೀಡು (ಎರಕದ ಕಬ್ಬಿಣ) ಹೆಡ್ಡಿನಲ್ಲಿ ಎರಡು ವಾಲ್ವಿನ ನಡುವೆ ಸೀಳು ಕಾಣುತ್ತಿದೆ. ವೆಲ್ಡ್ ಮಾಡಿಸಬಹುದೆ? ಎಪಾಕ್ಸಿ ಹಚ್ಚಿದರೆ ನಡೆಯುತ್ತದೆ ಎನ್ನುತ್ತಾರೆ.
— ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಎಪಾಕ್ಸಿ ಹೊರಗಿನ ವಾಟರ್ ಜಾಕೆಟ್ ಸೋರಿಕೆಗೆ ಸರಿ. ಬೆಂಕಿ ಬೀಳುವ ಜಾಗದಲ್ಲಿ ಒಂದು ಗಂಟೆಯೂ ನಿಲ್ಲುವುದಿಲ್ಲ.

ಮೊದಲು ಸೀಳು ನೀರಿನ ದಾರಿಯವರೆಗೆ ಹೋಗಿದೆಯೇ ತಿಳಿಯಬೇಕು. ಕೆಂಪು ಡೈ ಪೆನೆಟ್ರಂಟ್ (ಸೀಳಿನೊಳಗೆ ಇಳಿಯುವ ಬಣ್ಣ) ಸೀಳಿನ ಉದ್ದ ತೋರಿಸುತ್ತದೆ, ಆಳ ತೋರಿಸುವುದಿಲ್ಲ. ನೀರಿನ ರಂಧ್ರಗಳಿಗೆಲ್ಲ ರಬ್ಬರ್ ಮತ್ತು ಪಟ್ಟಿ ಕಟ್ಟಿ, 2ರಿಂದ 3 ಬಾರ್ ಗಾಳಿ ಕೊಟ್ಟು, 70-80 ಡಿಗ್ರಿ ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಿ. ತಣ್ಣೀರಿನಲ್ಲಿ ಪಾಸಾದ ಹೆಡ್ ಬಿಸಿನೀರಿನಲ್ಲಿ ಫೇಲಾಗುವುದು ಸಾಮಾನ್ಯ, ಬಿಸಿಗೆ ಸೀಳು ಬಾಯಿ ತೆರೆಯುತ್ತದೆ.

ಗುಳ್ಳೆ ಬಂದರೆ ಎರಡು ದಾರಿ. ಬೀಡಿನ ಚೂಪು ಪಿನ್‌ಗಳನ್ನು ಸೀಳಿನ ಉದ್ದಕ್ಕೂ ಒಂದರ ಮೇಲೊಂದು ಸ್ವಲ್ಪ ಏರುವಂತೆ ತಿರುಪಿ ಹೊಲಿಯುವುದು ಒಂದು: ಮೊದಲು ಸೀಳಿನ ತುದಿಗಳಲ್ಲಿ ರಂಧ್ರ ಕೊರೆದು ಅದು ಮುಂದೆ ಓಡದಂತೆ ನಿಲ್ಲಿಸಬೇಕು, ಹೊಲಿದ ಮೇಲೆ ಸೀಟ್ ರಿಂಗ್ ಒತ್ತಿ ಪಿನ್‌ಗಳನ್ನು ಬಂಧಿಸಬೇಕು. ಇನ್ನೊಂದು ಗ್ಯಾಸ್ ವೆಲ್ಡಿಂಗ್, ಬೀಡಿನ ಕಡ್ಡಿಯಲ್ಲಿ. ಇಡೀ ಹೆಡ್ಡನ್ನು 600 ಡಿಗ್ರಿ ಆಸುಪಾಸಿಗೆ ಕಾಯಿಸಿ ಬೆಸೆದು, ಸುಣ್ಣದ ಪುಡಿ ಅಥವಾ ಬೂದಿಯಲ್ಲಿ ಹೂತು ಒಂದು ದಿನ ತಣಿಸಬೇಕು. ಕಾಯಿಸದೆ ಮಾಡಿದ ವೆಲ್ಡಿನ ಪಕ್ಕದಲ್ಲೇ ಹೊಸ ಸೀಳು ಏಳುತ್ತದೆ. ವಾಲ್ವ್ ನಡುವಿನ ಸೀಳಿಗೆ ಪಿನ್ ಹೊಲಿಗೆಯೇ ನಮಗೆ ಹೆಚ್ಚು ನಂಬಿಕೆಯದು. ಆದರೂ ಒಂಟಿ ಸಿಲಿಂಡರಿನ ಎಂಜಿನ್ನಿಗೆ ಹೊಸ ಹೆಡ್ಡಿನ ಬೆಲೆ ಕೇಳಿ ಆಮೇಲೆ ತೀರ್ಮಾನಿಸಿ, ರಿಪೇರಿ ಅರ್ಧ ಬೆಲೆ ದಾಟಿದರೆ ಹೊಸದೇ ಲಾಭ.

ಸೀಳಲು ಕಾರಣ ಸಾಮಾನ್ಯವಾಗಿ ಒಂದೇ. ಕಾದ ಎಂಜಿನ್ನಿನಲ್ಲಿ ನೀರು ಖಾಲಿಯಾಗಿರುವುದು ಕಂಡು ಕೊಡದಲ್ಲಿ ತಣ್ಣೀರು ಸುರಿಯುವುದು. ಎಂಜಿನ್ ನಿಲ್ಲಿಸಿ, ಕೈ ಮುಟ್ಟುವಷ್ಟು ತಣಿದ ಮೇಲೆ ಹಾಕಿ. ಗಾಣಕ್ಕೆ ಕೊಟ್ಟ ಕಬ್ಬು ಕಾಯುತ್ತದೆ.

ಪ್ರಶ್ನೆ: ಹೊಸದಾಗಿ ಒತ್ತಿಸಿದ ಎಗ್ಸಾಸ್ಟ್ ಸೀಟ್ ರಿಂಗ್ ಕಳಚಿಕೊಂಡು ಪಿಸ್ಟನ್ ಹಾಳಾಯಿತು. ಅಲ್ಯೂಮಿನಿಯಂ ಹೆಡ್. ಏನು ತಪ್ಪಾಗಿರಬಹುದು?
— ಮಂಡ್ಯ

ಉತ್ತರ: ಬಿಗಿತ ಕಡಿಮೆ, ಅಥವಾ ಗುಂಡಿ ದುಂಡಗಿರಲಿಲ್ಲ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಬೀಡಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಾಗಾಗಿ ರಿಂಗು ಗುಂಡಿಗಿಂತ 0.12ರಿಂದ 0.15 ಮಿ.ಮೀ. ದೊಡ್ಡದಿರಬೇಕು, ಬೀಡು ಹೆಡ್ಡಿಗೆ 0.08ರಿಂದ 0.12 ಸಾಕು. ಬೀಡಿನ ಲೆಕ್ಕದಲ್ಲಿ ಅಲ್ಯೂಮಿನಿಯಮ್ಮಿಗೆ ಒತ್ತಿದರೆ ಬಿಸಿಯಲ್ಲಿ ಹಿಡಿತ ಬಿಡುತ್ತದೆ. ಕೂರಿಸುವಾಗ ಹೆಡ್ಡನ್ನು 150 ಡಿಗ್ರಿಗೆ ಕಾಯಿಸಿ, ರಿಂಗನ್ನು ಫ್ರೀಜರಿನಲ್ಲಿ ಇಟ್ಟಿರಿ. 40 ಮಿ.ಮೀ. ಗುಂಡಿ 130 ಡಿಗ್ರಿ ಏರಿಕೆಗೆ ಸುಮಾರು 0.12 ಮಿ.ಮೀ. ತೆರೆದುಕೊಳ್ಳುವುದರಿಂದ ಒಂದೆರಡು ಏಟಿಗೆ ತಳ ಮುಟ್ಟುತ್ತದೆ. ತಣ್ಣನೆಯ ಹೆಡ್ಡಿಗೆ ಸುತ್ತಿಗೆಯಲ್ಲಿ ಹೊಡೆದರೆ ರಿಂಗು ಗುಂಡಿಯ ಗೋಡೆಯನ್ನು ಕೆರೆದು, ಆ ಚೂರು ತಳದಲ್ಲಿ ಸೇರಿ ಓರೆ ಕೂರುತ್ತದೆ. ತಳ ಮುಟ್ಟಿದಾಗ ಏಟಿನ ಸದ್ದು ಬದಲಾಗುತ್ತದೆ, ಕಿವಿ ಕೊಡಿ. ಗುಂಡಿಯನ್ನು ಎರಡು ದಿಕ್ಕಿನಲ್ಲಿ ಬೋರ್ ಗೇಜಿನಲ್ಲಿ ಅಳೆದೇ ರಿಂಗ್ ಆರಿಸಬೇಕು. ಹಳೆಯ ರಿಂಗ್ ಸಡಿಲವಾಗಿ ಕುಣಿದಿದ್ದ ಗುಂಡಿ ದುಂಡಗೆ ಇರುವುದಿಲ್ಲ, ಅದಕ್ಕೆ ಓವರ್‌ಸೈಜ್ ಕಟ್ ಬೇಕು.

ಪ್ರಶ್ನೆ: ಎಲ್‌ಪಿಜಿ ಆಟೋ. ಎಗ್ಸಾಸ್ಟ್ ವಾಲ್ವ್ ಪದೇ ಪದೇ ಸುಡುತ್ತದೆ. ಟಾಪೆಟ್ ಸದ್ದು ಸ್ವಲ್ಪವೂ ಇರಲಿಲ್ಲ.
— ಆಟೋ ಚಾಲಕರು, ಮೈಸೂರು

ಉತ್ತರ: ಸದ್ದು ಇರಲಿಲ್ಲ ಎಂಬುದೇ ಸುಳಿವು. ಗ್ಯಾಸ್ ಒಣ ಇಂಧನ, ಸೀಟಿನ ಮೇಲೆ ಪೆಟ್ರೋಲಿನಷ್ಟು ರಕ್ಷಣೆಯ ಪದರ ಬಿಡುವುದಿಲ್ಲ. ಸೀಟ್ ಸವೆದು ವಾಲ್ವ್ ಒಳಗಿಳಿಯುತ್ತದೆ, ಬಾಲ ಮೇಲೆ ಬಂದು ಟಾಪೆಟ್ ಗ್ಯಾಪ್ ಮುಚ್ಚಿಹೋಗುತ್ತದೆ. ಗ್ಯಾಪ್ ಸೊನ್ನೆಯಾದ ಮೇಲೆ ಬಿಸಿಯಲ್ಲಿ ವಾಲ್ವ್ ಪೂರ್ತಿ ಕೂರುವುದೇ ಇಲ್ಲ, ಬೆಂಕಿ ಸಂದಿಯಲ್ಲಿ ನುಗ್ಗಿ ಅಂಚು ಕೊರೆಯುತ್ತದೆ. ಬೆಳಗ್ಗೆ ಚೆನ್ನಾಗಿ ಓಡಿ ಮಧ್ಯಾಹ್ನ ಎಳೆಯದಿದ್ದರೆ ಇದೇ. ಪ್ರತಿ 5000 ಕಿ.ಮೀ.ಗೆ ತಣ್ಣನೆಯ ಎಂಜಿನ್ನಿನಲ್ಲಿ ಟಾಪೆಟ್ ನೋಡಿಸಿ. ಪ್ರತಿ ಸಲವೂ ಗ್ಯಾಪ್ ಕಡಿಮೆಯಾಗುತ್ತಲೇ ಇದ್ದರೆ ಗ್ಯಾಸಿಗೆ ತಕ್ಕ ಗಟ್ಟಿ ಸೀಟ್ ರಿಂಗ್ ಹಾಕಿಸಿ, ಎಗ್ಸಾಸ್ಟ್ ಸೀಟ್ ಅಗಲ 1.8ರಿಂದ 2.0 ಮಿ.ಮೀ. ಬಿಡಿಸಿ. ಗ್ಯಾಸ್ ಮಿಶ್ರಣ ತೆಳುವಾಗಿದೆಯೇ ಎಂದೂ ನೋಡಿಸಬೇಕು. ಮೈಲೇಜಿಗೆಂದು ತಿರುಪು ಬಿಗಿದರೆ ಉಳಿದ ಗ್ಯಾಸಿನ ಹಣ ವಾಲ್ವಿಗೆ ಹೋಗುತ್ತದೆ.

ಪ್ರಶ್ನೆ: ಯೆಜ್ಡಿ ರೋಡ್‌ಕಿಂಗ್. ಹೆಡ್ ಮತ್ತು ಬ್ಯಾರೆಲ್ ನಡುವೆ ಕಪ್ಪು ಎಣ್ಣೆ ಜಿನುಗುತ್ತದೆ, ಪ್ಲಗ್ಗಿನ ದಾರವೂ ಸವೆದಿದೆ. ಹೇಗೂ ಹೆಡ್ ಇಳಿಸುತ್ತೇವಲ್ಲ, ಪಿಕಪ್‌ಗೆ 1 ಮಿ.ಮೀ. ತೆಗೆಸಿದರೆ ಹೇಗೆ?
— ಯಾದವಗಿರಿ, ಮೈಸೂರು

ಉತ್ತರ: 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ತಯಾರಾದ ಬಡಾವಣೆಯಿಂದಲೇ ಪತ್ರ ಬಂದಿದೆ. ಟೂ ಸ್ಟ್ರೋಕ್, ವಾಲ್ವ್ ತಾಪತ್ರಯ ಇಲ್ಲ. ಆದರೆ 1 ಮಿ.ಮೀ. ಬೇಡ. 65 ಮಿ.ಮೀ. ಬೋರಿಗೆ ಅದು 3.3 ಸಿ.ಸಿ. ಕಡಿಮೆ ಮಾಡುತ್ತದೆ. ಛೇಂಬರ್ 38 ಸಿ.ಸಿ. ಇದ್ದರೆ 248.5 ಸಿ.ಸಿ. ಎಂಜಿನ್ನಿನ ಅನುಪಾತ 7.5ರಿಂದ 8.2ಕ್ಕೆ ಹಾರುತ್ತದೆ, ಗಾಳಿಯಲ್ಲೇ ತಣಿಯುವ ಹಳೆಯ ಬ್ಯಾರೆಲ್ಲಿಗೆ ಇದು ಜಾಸ್ತಿ. ಅದಕ್ಕಿಂತ ಮೊದಲು ಪಿಸ್ಟನ್ ಹೆಡ್ಡಿನ ಅಂಚಿಗೆ ಬಡಿಯಬಹುದು. 2 ಮಿ.ಮೀ. ಸೋಲ್ಡರ್ ತಂತಿಯನ್ನು ಪಿಸ್ಟನ್ ಪಿನ್ನಿನ ನೇರಕ್ಕೆ ಎಡಕ್ಕೂ ಬಲಕ್ಕೂ ಅಂಚಿನವರೆಗೆ ಇಟ್ಟು, ಹೆಡ್ ಬಿಗಿದು, ಕಿಕ್ಕರಿನಲ್ಲಿ ನಿಧಾನ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತಂತಿ 1.0ಕ್ಕಿಂತ ಕಡಿಮೆ ಇದ್ದರೆ ಏನೂ ತೆಗೆಸಬೇಡಿ.

ಜಿನುಗುವುದಕ್ಕೆ ಮೆಷಿನ್ ಬೇಕಾಗಿಲ್ಲ. ದಪ್ಪ ಗಾಜಿನ ಮೇಲೆ 220ನೇ ನಂಬರ್ ನೀರೆಮರಿ ಕಾಗದ ಹರಡಿ, ಸೀಮೆಎಣ್ಣೆ ಹಾಕಿ, ಹೆಡ್ಡನ್ನು ಎಂಟರ ಆಕಾರದಲ್ಲಿ ತಿರುಗಿಸುತ್ತಾ ಉಜ್ಜಿ. ಆಗಾಗ ಹಿಡಿಯುವ ದಿಕ್ಕು ಬದಲಿಸಿ, ಇಲ್ಲದಿದ್ದರೆ ಒಂದೇ ಕಡೆ ಹೆಚ್ಚು ತಿನ್ನುತ್ತದೆ. ಮುಖವೆಲ್ಲ ಒಂದೇ ಬೂದು ಬಣ್ಣ ಬಂದ ಮೇಲೆ 400ರಲ್ಲಿ ಮುಗಿಸಿ. ತಾಮ್ರದ ಗ್ಯಾಸ್ಕೆಟ್ ಆದರೆ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಅಲ್ಯೂಮಿನಿಯಮ್ಮಿನದಾದರೆ ಈ ಪ್ರಯೋಗ ಬೇಡ, ಕೆಂಪಾಗುವ ಮೊದಲೇ ಕರಗಿರುತ್ತದೆ.

ಪ್ಲಗ್ಗಿಗೆ 14 ಮಿ.ಮೀ., 1.25 ಪಿಚ್ಚಿನ ತಂತಿ ಇನ್ಸರ್ಟ್ ಹಾಕಿಸಿ. ಇನ್ಸರ್ಟಿನ ತುದಿ ಛೇಂಬರಿನೊಳಗೆ ಇಣುಕಬಾರದು, ಇಣುಕಿದರೆ ಅದೇ ಕಾದು ಬೆಂಕಿ ಹಚ್ಚುತ್ತದೆ. ಪ್ಲಗ್ ಬಿಗಿಯಲು 20ರಿಂದ 25 ನ್ಯೂಟನ್ ಮೀಟರ್ ಸಾಕು. ಬಿಸಿ ಹೆಡ್ಡಿನಲ್ಲಿ ಬಿಚ್ಚುವ ಅಭ್ಯಾಸದಿಂದಲೇ ದಾರ ಸವೆಯುವುದು.

ಪ್ರಶ್ನೆ: ಹೆಡ್ ಗ್ಯಾಸ್ಕೆಟ್ಟಿಗೆ ಎರಡು ಕಡೆ ಸಿಲಿಕೋನ್ ಹಚ್ಚಿದರೆ ಗಟ್ಟಿಯಾಗಿ ಕೂರುತ್ತದೆಯೆ?
— ಮಳವಳ್ಳಿ

ಉತ್ತರ: ಇಲ್ಲ. ಒತ್ತಿದಾಗ ಹೊರಬಂದ ಸಿಲಿಕೋನ್ ಆಯಿಲ್ ದಾರಿಗೆ ಹೋಗಿ ಕೂರುತ್ತದೆ. ಹೆಡ್ ಗ್ಯಾಸ್ಕೆಟ್ಟನ್ನು ಏನೂ ಹಚ್ಚದೆ ಒಣದಾಗಿಯೇ ಕೂರಿಸಬೇಕು, ಎರಡೂ ಮುಖ ಎಣ್ಣೆಪಸೆ ಇಲ್ಲದಂತೆ ಥಿನ್ನರಿನಲ್ಲಿ ಒರೆಸಿರಬೇಕು. ತಯಾರಕರೇ ಟೈಮಿಂಗ್ ಕವರಿನ ಮೂಲೆಯಲ್ಲಿ ಒಂದು ಚುಕ್ಕೆ ಹಚ್ಚಿ ಎಂದಿದ್ದರೆ ಅಲ್ಲಿ ಮಾತ್ರ, ಒಂದೇ ಚುಕ್ಕೆ.